ಹಲ್ಲು ಕೀಳುವ ತೊಟ್ಟಿ

“ಏನೇ, ಮದುಮಗಳ ಕೆನ್ನೆ ಸವರ್ತಾ ಇದೀಯಾ? ಕೆರಿಯೇ ಮುಂಡೇದೆ, ಗಟ್ಟಿಯಾಗಿ ಕೆರಿ!”

ಮ್ಯಾನೇಜರ್ ಬೂಟುಗಾಲಲ್ಲಿ ನನ್ನ ಬೆನ್ನಿಗೆ ತಿವಿದ. ನಾನು ತುಟಿ ಕಚ್ಚಿಕೊಂಡು, ಹೊರಗೆತ್ತಿಟ್ಟ ತಗಡಿಗೆ ಅಂಟಿದ ಬಿಳಿ ಗಸಿಯನ್ನು ಉಳಿ, ಸುತ್ತಿಗೆ ಹಿಡಿದು ಕೆರೆಯತೊಡಗಿದೆ.

ತೊಟ್ಟಿಯೊಳಗೆ ಇಂಥ ತಗಡುಗಳು ಸಾಲಾಗಿ ನಿಂತಿವೆ. ಅವಕ್ಕೆ ಕರೆಂಟು ಬಿಟ್ಟರೆ ಫ್ಯಾಕ್ಟರಿ ನೀರಿನ ವಿಷ ಮುರಿಯುತ್ತದೆ. “ಈ ವಿಷಕ್ಕೆ ಕ್ಲೋರಿನ್ನೇ ಹಲ್ಲು. ಕರೆಂಟು ಒಂದೊಂದೇ ಹಲ್ಲು ಕಿತ್ತಾಕತ್ತೆ, ಆಮೇಲೆ ಅದು ಕಚ್ಚಲ್ಲ,” ಎಂದು ಇದನ್ನು ಕೂರಿಸಿದ ಇಂಜಿನಿಯರ್ ಹೇಳಿದ್ದ. ಅಂದಿನಿಂದ ನಮ್ಮ ಬಾಯಲ್ಲಿ ಇದು ಹಲ್ಲು ಕೀಳೋ ತೊಟ್ಟಿ. ಒಂದು ತೊಟ್ಟಿ ನೀರಿಗೆ ಹಗಲು ರಾತ್ರಿ ಕರೆಂಟು ಬೇಕು. ಬಿಲ್ಲು ನೋಡಿ ಧಣಿಯ ಹೊಟ್ಟೆ ಉರಿಯಿತು, ಸ್ವಿಚ್ಚು ಆರಿಸಿ ಎಂದ. ವಿಷ ಹಲ್ಲಿನ ಸಮೇತ ನಮ್ಮ ಕೇರಿಯ ಕಾಲುವೆಗೆ ಹೋಯಿತು, ಅಲ್ಲಿಂದ ಬಾವಿಗೆ ಇಳಿಯಿತು. ನನ್ನ ಮಗಳು ಕಣ್ಣು ಹಳದಿ ಮಾಡಿಕೊಂಡು ಮಲಗಿದ್ದಾಳೆ. ಆ ನೀರು ಇನ್ನೊಂದು ಲೋಟವೂ ಕೂಡದು ಎಂದಿದ್ದಾರೆ ಡಾಕ್ಟರು. ಬೇರೆ ನೀರು ಆ ಡಾಕ್ಟರ ಅಪ್ಪ ತಂದುಕೊಡುತ್ತಾನಾ?

ಇವತ್ತು ಸರ್ಕಾರದವರ ನೀರಿನ ತಪಾಸಣೆ. ಸಾಹೇಬ ಸೈ ಹಾಕಿದರೆ ಈ ತುಂಬಿದ ತೊಟ್ಟಿಯೂ ಕಾಲುವೆಗೇ.

“ಅತ್ಗೆ, ಸಾಹೇಬ್ರು ಬರ್ಲಿ, ಹೇಳೇ ಬಿಡ್ತೀನಿ. ತಿಂಗ್ಳಾನುಗಟ್ಲೆ ಸ್ವಿಚ್ಚೇ ಹಾಕಿಲ್ಲ ಅಂತ,” ಮೈದುನ ಪಿಸುಗುಟ್ಟಿದ. ಹೊತ್ತುಗೊತ್ತಿಲ್ಲದೆ ಶಿಳ್ಳೆ ಹಾಕುವ ಅವನನ್ನು ಎಲ್ಲರೂ ಪೀಪಿ ಎನ್ನುತ್ತಿದ್ದರು.

“ಕೆಲ್ಸ ಹೋದ್ರೆ?”

“ಹೋಗ್ಲಿ ಬಿಡು. ಮಗು ಮುಖ ನೋಡಕ್ಕಾಗ್ತಿಲ್ಲ.”

ತೊಟ್ಟಿಗೆ ಕೈ ಹಾಕುವ ಮುಂಚೆ ಕೈಯ ಹಿಂಬದಿ ತಾಗಿಸಿ ನೋಡುವುದು ನಮ್ಮ ರೂಢಿ. ಕರೆಂಟಿದ್ದರೆ ಕೈ ಹಿಂದಕ್ಕೆ ಚಿಮ್ಮುತ್ತದೆ. ಅಂಗೈ ಹಾಕಿದರೆ ಬೆರಳು ಮಡಚಿ ತಗಡನ್ನೇ ಹಿಡಿದುಕೊಳ್ಳುತ್ತವೆ. ಆದರೆ ಇಷ್ಟು ದಿನ ಸತ್ತು ಬಿದ್ದಿದ್ದ ತೊಟ್ಟಿಯಲ್ಲಿ ಆ ರೂಢಿ ಯಾರಿಗೂ ಉಳಿದಿರಲಿಲ್ಲ.

ಗೇಟಿನಲ್ಲಿ ಜೀಪು ಕಂಡದ್ದೇ ಮ್ಯಾನೇಜರ್ ಓಡಿಹೋಗಿ ಸ್ವಿಚ್ಚು ಎತ್ತಿದ. ನಮಗೊಂದು ಕೂಗೂ ಹಾಕಲಿಲ್ಲ. ಪೀಪಿ ಮುಂದಿನ ತಗಡು ಎತ್ತಲು ಅಂಗೈ ಇಳಿಸಿದ್ದ.

ಅವನ ಮೈ ಬಿಲ್ಲಾಯಿತು. ನಾಲಿಗೆ ಹಲ್ಲಿನ ನಡುವೆ ಸಿಕ್ಕಿ ರಕ್ತ ಗದ್ದಕ್ಕೆ ಇಳಿಯಿತು. ನಾನು ಸುತ್ತಿಗೆಯ ಮರದ ಹಿಡಿಯಿಂದ ಅವನ ತೋಳಿಗೆ ಹೊಡೆದೆ, ಮತ್ತೆ ಮತ್ತೆ ಹೊಡೆದೆ. ಕೈ ಬಿಡಿಸಿಕೊಂಡು ಬಿದ್ದಾಗ ಅಂಗೈ ಚರ್ಮ ತಗಡಿನಲ್ಲೇ ಉಳಿದಿತ್ತು. ಎದೆಗೆ ಕಿವಿಯಿಟ್ಟೆ. ಏನೂ ಇರಲಿಲ್ಲ.

“ಇವ್ನನ್ನ ಎಳೀರೋ ಡ್ರಮ್ ಹಿಂದಕ್ಕೆ!” ಮ್ಯಾನೇಜರ್ ಗದರಿದ. “ ಚೀಲ ಮುಚ್ರಿ!”

“ಉಸಿರಿಲ್ಲ ಸಾರ್...” ಎಂದೆ.

“ನಿಂದೂ ನಿಲ್ಸ್ಬೇಕಾ?”

ಸಾಹೇಬ ಮೂಗಿಗೆ ಕರವಸ್ತ್ರ ಹಿಡಿದು ಬಂದ. ತಗಡಿನ ಸುತ್ತ ಏಳುತ್ತಿದ್ದ ಗುಳ್ಳೆ ನೋಡಿದ, ಮೀಟರಿನ ಮುಳ್ಳು ನೋಡಿದ. ಮ್ಯಾನೇಜರ್ ತೊಟ್ಟಿಯ ಬದಲು ಆಫೀಸಿನ ನಲ್ಲಿಯಿಂದ ಸ್ಯಾಂಪಲ್ ಬಾಟಲಿ ತುಂಬುವಾಗ ಮಾತ್ರ ಆಕಾಶ ನೋಡಿದ. ಚೀಲದಡಿಯಿಂದ ಚಾಚಿದ್ದ ಪಾದ ಅವನ ಕಣ್ಣಿಗೆ ಬಿತ್ತು.

“ಯಾರಯ್ಯ ಅದು?”

“ಕುಡ್ದು ಬಿದ್ದವ್ನೆ ಸಾರ್. ಇಂಥೋರನ್ನ ಕಟ್ಕೊಂಡು ಸಾಯ್ಬೇಕು ನಾವು.”

“ಸತ್ತವ್ನೆ ಸಾರ್, ಈಗ, ಕರೆಂಟಿಗೆ,” ನಾನೆಂದೆ. “ನೀವು ಬರೋ ಗಂಟ ಈ ಸ್ವಿಚ್ಚು ಹಾಕೇ ಇರ್ಲಿಲ್ಲ.”

ಸಾಹೇಬ ಒಂದು ಗಳಿಗೆ ಮ್ಯಾನೇಜರನ ಮುಖ ನೋಡಿದ. “ಸಾವು ನನ್ ಇಲಾಖೆ ಅಲ್ಲಮ್ಮ. ನಾನು ನೀರಿನೋನು,” ಎಂದು ಸೈ ಹಾಕಿದ. “ನೀರು ಚೆನ್ನಾಗಿದೆ. ಬಿಡ್ಕೊಳ್ರಿ,” ಎಂದು ಆಫೀಸಿನೊಳಗೆ ಹೋದ.

ಮ್ಯಾನೇಜರ್ ಆಗಲೇ ಸ್ವಿಚ್ಚು ಆರಿಸಿ, ನನ್ನ ಕೆನ್ನೆಗೆ ಬಾರಿಸಿದ.

“ಬಾಯಿ ಬಿಡ್ತೀಯೇನೇ ಬೋಸುಡಿ? ಹೋಗು, ತೂಬಿನ ಚಕ್ರ ತಿರುಗ್ಸು!”

ಹೋದೆ. ಚಕ್ರ ಮುಟ್ಟಲಿಲ್ಲ. ತೂಬಿನ ಬಾಗಿಲನ್ನು ಎತ್ತುವ ಕಬ್ಬಿಣದ ಸರಳಿಗೆ ಸುತ್ತಿಗೆ ಬೀಸಿದೆ. ಮೂರನೆಯ ಏಟಿಗೆ ಸರಳು ಸೊಟ್ಟಗಾಯಿತು. ಇನ್ನು ಆ ಬಾಗಿಲು ಮೇಲೇಳದು. ಮ್ಯಾನೇಜರ್ ಬಂದು ನನ್ನ ಜುಟ್ಟು ಹಿಡಿದ. ತಿರುಗಿ ಮಣಿಕಟ್ಟಿಗೆ ಹೊಡೆದೆ. ಮೂಳೆ ಲಟಕ್ಕೆಂದಿತು. ಸುಳ್ಳು ಯಾಕೆ ಹೇಳಲಿ, ಆ ಸದ್ದು ನನಗೆ ಹಿತವಾಯಿತು.

“ಅಯ್ಯೋ! ಹಿಡೀರೇ ಇವ್ಳನ್ನ!”

ತಗಡು ಕೆರೆಯುವ ಹೆಂಗಸರು ಎದ್ದು ಬಂದರು. ನನ್ನನ್ನು ಹಿಡಿಯಲಿಲ್ಲ. ಪೀಪಿಯನ್ನು ಎತ್ತಿ ತಂದು ತೂಬಿನ ಮುಂದೆ ಮಲಗಿಸಿ, ಉಳಿ ಹಿಡಿದು ಸುತ್ತ ಕೂತರು.

ಫ್ಯಾಕ್ಟರಿಯ ಪೈಪು ಸುರಿಯುತ್ತಲೇ ಇತ್ತು. ತೊಟ್ಟಿಯ ಗೋಡೆ ಆಫೀಸಿನ ಕಡೆ ಒಂದು ಗೇಣು ತಗ್ಗು. ನೀರು ಅಲ್ಲಿ ಉಕ್ಕಿ, ಮೆಟ್ಟಿಲು ಇಳಿದು, ಆಫೀಸಿನೊಳಗೆ ನುಗ್ಗಿತು.

“ಕಾಲಿಗೆ ತಾಗತ್ತೆ ಕಣ್ರೀ! ವಿಷ ಅದು!” ಸಾಹೇಬ ಮೇಜು ಹತ್ತಿ ಕಿರುಚಿದ.

“ಇಳೀರಿ ಸಾಹೇಬ್ರೆ,” ಎಂದಳು ನಮ್ಮಲ್ಲೊಬ್ಬ ಮುದುಕಿ. “ಈಗಿನ್ನೂ ಸೈ ಹಾಕಿದೀರಿ.”

“ಪೈಪು ನಿಲ್ಸಕ್ಕೆ ಫೋನ್ ಮಾಡ್ರೀ!” ಸಾಹೇಬ ಮ್ಯಾನೇಜರನತ್ತ ಕೂಗಿದ.

ಮ್ಯಾನೇಜರ್ ಮುರಿದ ಕೈ ಎದೆಗೊತ್ತಿಕೊಂಡು ಅಳುತ್ತಿದ್ದ. “ಫ್ಯಾಕ್ಟ್ರಿ ನಿಲ್ಸಿದ್ರೆ ಧಣಿ ನನ್ನ ಸಾಯಿಸ್ತಾನೆ ಸಾರ್...”

ನಾನು ಪೀಪಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ತೂಬಿಗೆ ಬೆನ್ನು ಕೊಟ್ಟು ಕೂತೆ. ಆಫೀಸಿನೊಳಗೆ ನೀರು ಮೇಜಿನ ಕಾಲು ಏರುತ್ತಿತ್ತು.