ಉಪ್ಪು ತೆಗೆದ ನೀರಿನಲ್ಲಿ

ಆ ದಿನ ದೋಣಿಯಲ್ಲಿ ಜೀವಂತವಾಗಿ ಬಂದದ್ದು ಒಂದೇ ಒಂದು ಬೊಂಡಾಸ್, ಹತ್ತು ತೋಳಿನ ಮೆತ್ತನೆ ಕಡಲಜೀವಿ. ಅಕ್ಟೋಬರ್ ಮುಗಿಯುತ್ತಿತ್ತು. ಇನ್ನು ಬರುವ ಬೇಸಿಗೆಯವರೆಗೆ ಕಾರ್ನ್‌ವಾಲ್ ಕಡಲು ಬೊಂಡಾಸ್ ಕೊಡುವುದಿಲ್ಲ. ಸತ್ತದ್ದನ್ನು ಗಾಳಕ್ಕೆ ಸಿಕ್ಕಿಸಬಹುದು, ಆದರೆ ಅದರ ನರ ಮಾತಾಡುವುದಿಲ್ಲ. ಸಂಶೋಧಕಿ ತಾಮ್ಸಿನ್ ಟ್ರಿಗೆಲ್ಲಸ್‌ಗೆ ಬೇಕಿದ್ದದ್ದು ಮಾತಾಡುವ ನರ, ಅದೂ ನಾಲ್ಕು ಗಂಟೆಗೆ.

ನರದೊಳಗೆ ವಿದ್ಯುತ್ತಿನ ಮಿಂಚು ಏಳುವುದು ಹೊರಗಿನ ಉಪ್ಪು ಒಳಕ್ಕೆ ನುಗ್ಗುವುದರಿಂದ ಎಂಬುದು ಅವಳ ವಾದ. ಉಪ್ಪು ತೆಗೆದರೆ ಮಿಂಚು ಕುಗ್ಗಬೇಕು, ಮತ್ತೆ ಕೊಟ್ಟರೆ ಮರಳಬೇಕು. ಪ್ರಯೋಗಶಾಲೆಯ ಮುಖ್ಯಸ್ಥ ಆರ್ಮರಾಡ್ ಇದನ್ನು ನಂಬಿರಲಿಲ್ಲ. ಇವತ್ತು ನಾಲ್ಕಕ್ಕೆ ಬಂದು ಕಣ್ಣಾರೆ ಕಂಡು ಒಪ್ಪದಿದ್ದರೆ ಅವಳ ಮೇಜು ಬೇರೆಯವರಿಗೆ. ಅವಳು ಮತ್ತೆ ಹೆಣ್ಣುಮಕ್ಕಳ ಶಾಲೆಗೆ, ಪಾಠ ಹೇಳಲು.

"'ಮಿಸ್ ಟ್ರಿಗೆಲ್ಲಸ್,'" ಸಹಾಯಕ ಜಾಗೊ ಟಾಂಕಿನ್ ಮೂಗು ಹಿಡಿದುಕೊಂಡು ಆರ್ಮರಾಡ್‌ನ ದನಿ ತೆಗೆದ. "'ಮಿಂಚು ಕುಗ್ಗುತ್ತೆ, ಯಾಕಂದ್ರೆ ನಿಮ್ಮ ನರ ಸಾಯ್ತಾ ಇರುತ್ತೆ. ಉಪ್ಪಿನ ವಿಷಯ ಅಡುಗೆಮನೆಗೆ ಬಿಡಿ!'" ಅರವತ್ತರ ಜಾಗೊ ಮೂವತ್ತು ವರ್ಷ ಬಲೆ ಎಳೆದವನು.

"ಕತ್ತರಿ ತಪ್ಪುತ್ತೆ, ನಗಿಸಬೇಡಿ ಜಾಗೊ."

"ನರ ಹಿಡಿದೋರು ನರಳಲೇಬೇಕು, ಮಗಳೇ."

ಮಸೂರದ ಕೆಳಗೆ ಬೊಂಡಾಸ್‌ನ ದಪ್ಪ ನರ ಶ್ಯಾವಿಗೆ ಎಳೆಯಂತೆ ಮಲಗಿತ್ತು. ಅದರಿಂದ ಕವಲೊಡೆದ ಕೂದಲೆಳೆಗಳನ್ನು ಕತ್ತರಿಸುವಾಗ ಚೂರು ಬಾಲ ಉಳಿಸಬೇಕು. ಬುಡಕ್ಕೇ ಕತ್ತರಿ ತಾಗಿತೋ, ನರದ ಮೈ ತೂತಾಯಿತು. ಹನ್ನೊಂದು ಕವಲು ಸರಿಯಾಗಿ ಹೋದವು. ಹನ್ನೆರಡನೆಯದಕ್ಕೆ ಹೊರಗೆ ಆರ್ಮರಾಡ್‌ನ ಕಾರು ನಿಂತ ಸದ್ದು. ಕತ್ತರಿ ಬುಡಕ್ಕೆ ತಾಗಿತು.

ಸಾಸಿವೆಯಷ್ಟು ಬಿಳಿ ಚುಕ್ಕೆ. ನೋಡನೋಡುತ್ತ ಹಾಲಿನಂತೆ ಹಬ್ಬತೊಡಗಿತು.

ಬಿಳುಪಾದಷ್ಟು ನರ ಸತ್ತಂತೆಯೇ. ಜಾಗೊ ದಾರ ಚಾಚಿದ. ತಾಮ್ಸಿನ್ ಚುಕ್ಕೆಗಿಂತ ಈಚೆ ನರವನ್ನು ಬಿಗಿದು ಕಟ್ಟಿ, ಆಚೆಯದೆಲ್ಲ ಕತ್ತರಿಸಿ ಎಸೆದಳು. ಉಳಿದದ್ದು ಹೆಬ್ಬೆರಳ ಒಂದು ಗೆಣ್ಣಿನಷ್ಟು. ಅಷ್ಟರೊಳಗೂ ಬಿಳುಪು ಹೊಕ್ಕಿದೆಯೋ ಏನೋ, ಯಾರು ಬಲ್ಲರು?

ಆರ್ಮರಾಡ್ ಕೋಟು ಬಿಚ್ಚದೆಯೇ ಕೂತ. "ಹೂಂ, ಆಗಲಿ."

ನರಕ್ಕೆ ಪುಟ್ಟ ವಿದ್ಯುತ್ ಏಟು ಕೊಟ್ಟಳು. ಹಸಿರು ಪರದೆಯ ಮೇಲೆ ಚೂಪು ಶಿಖರವೊಂದು ಎದ್ದು ಇಳಿಯಿತು. ನರ ಮುಳುಗಿದ್ದ ಕಡಲನೀರು ಬಸಿದು, ಉಪ್ಪಿಲ್ಲದ, ಸಕ್ಕರೆ ಕರಗಿಸಿದ ನೀರು ಹರಿಸಿದಳು. ಬರೀ ನೀರಾದರೆ ನರ ಊದಿ ಸಾಯುತ್ತದೆ. ಏಟಿನ ಮೇಲೆ ಏಟು ಬಿದ್ದಂತೆ ಶಿಖರ ಗುಡ್ಡವಾಯಿತು, ಗುಡ್ಡ ದಿಬ್ಬವಾಯಿತು, ದಿಬ್ಬ ಬಯಲಾಯಿತು.

"ಪಾಪ, ಹೋಯ್ತು," ಆರ್ಮರಾಡ್ ಎದ್ದ.

"ಒಂದು ನಿಮಿಷ, ಸರ್." ಕಡಲನೀರು ಮರಳಿ ಹರಿಸಿದಳು. ಏಟು. ಬಯಲು. ಏಟು. ಬಯಲೇ. ದಾರದ ಪಕ್ಕ ಬಿಳುಪು ಕಂಡಂತಾಯಿತು, ಕಣ್ಣಿನ ಭ್ರಮೆಯೋ? ಏಟಿನ ಬಲ ಹೆಚ್ಚಿಸುವ ಗುಂಡಿಯ ಮೇಲೆ ಜಾಗೊನ ಬೆರಳು ಹೋಯಿತು.

"ಮುಟ್ಟಬೇಡಿ!" ಬಲ ಹೆಚ್ಚಿಸಿ ಮಿಂಚು ಬಂದರೆ ಅದು ಏಟಿನದು, ಉಪ್ಪಿನದಲ್ಲ. ಆರ್ಮರಾಡ್ ಅದನ್ನೇ ಹೇಳುತ್ತಾನೆ, ಸರಿಯಾಗಿಯೇ ಹೇಳುತ್ತಾನೆ. ಅವಳು ಕಾದಳು. ಏಟು. ಬಯಲು. ಆರ್ಮರಾಡ್ ಬಾಗಿಲ ಹಿಡಿಕೆ ತಿರುಗಿಸಿದ.

ಪರದೆಯಲ್ಲಿ ಒಂದು ಸಣ್ಣ ಉಬ್ಬು. ಮುಂದಿನ ಏಟಿಗೆ ಗುಡ್ಡ. ಆಮೇಲೆ ಅದೇ ಚೂಪು ಶಿಖರ.

ಆರ್ಮರಾಡ್ ವಾಪಸು ಬಂದು ಕೂತ. "ಅದೃಷ್ಟ ಇರಬಹುದು. ಇನ್ನೊಮ್ಮೆ ತೋರಿಸಿ."

ಇನ್ನೊಮ್ಮೆ ತಾಳುತ್ತದೆಯೇ? ತಾಮ್ಸಿನ್ ಸಕ್ಕರೆ ನೀರಿನ ಪಿಚಕಾರಿ ಅವನ ಕೈಗಿತ್ತಳು. "ಈ ಸಲ ನೀವೇ ಹಾಕಿ, ಸರ್."

ಅವನೇ ಹಾಕಿದ. ಶಿಖರ ಕುಸಿದು ಬಯಲಾಯಿತು. ಅವನೇ ಕಡಲನೀರು ಹರಿಸಿದ. ಏಟು, ಬಯಲು. ಏಟು, ಬಯಲು. ಆರ್ಮರಾಡ್ ಪರದೆಗೆ ಮೂಗು ತಾಗುವಷ್ಟು ಬಾಗಿದ್ದ. "ಏಳೋ... ಏಳೋ ಮಾರಾಯ," ಎಂದು ಅವನು ಗೊಣಗಿದ್ದು ತಾಮ್ಸಿನ್‌ಗೂ ಕೇಳಿಸಿತು. ಆರನೆಯ ಏಟಿಗೆ ಅದು ಎದ್ದಿತು, ತುಸು ಕುಳ್ಳಗೆ, ಆದರೂ ಚೂಪಾಗಿ.

ಆರ್ಮರಾಡ್ ಜಾಗೊನತ್ತ ತಿರುಗಿದ.

"ಟಾಂಕಿನ್, ಬೊಂಡಾಸ್ ಮತ್ತೆ ಯಾವಾಗ ಬರುತ್ತೆ?"

"ಜೂನ್‌ಗೆ, ಸರ್."

"ಜೂನ್‌ನಿಂದ ದಿನಾ ಮೊದಲ ಬೊಂಡಾಸ್ ಮಿಸ್ ಟ್ರಿಗೆಲ್ಲಸ್‌ರ ಮೇಜಿಗೆ," ಎಂದ ಆರ್ಮರಾಡ್, ಪಿಚಕಾರಿ ಕೆಳಗಿಡುವುದನ್ನೂ ಮರೆತು.