ಟೈಲರಮ್ಮನ ತಾರೀಕು, ಸಿಸ್ಟರ್ ತಾರೀಕು

ಟೈಲರಮ್ಮ ಕೊಡುವ ತಾರೀಕು ನೀರಿನ ಮೇಲಿನ ಬರಹ. ಸೋಮವಾರ ಎಂದರೆ ಗುರುವಾರ, ಗುರುವಾರ ಹೋದರೆ "ಗುಂಡಿ ಒಂದು ಬಾಕಿ ಕಣಮ್ಮ". ಮೊಮ್ಮಗಳ ಎರಡನೇ ದಡಾರ ಲಸಿಕೆಗೆ ಆಸ್ಪತ್ರೆಯ ಸಿಸ್ಟರ್ 'ಮಂಗಳವಾರ, ಬೆಳಿಗ್ಗೆ ಹತ್ತು' ಎಂದು ಚೀಟಿ ಬರೆದುಕೊಟ್ಟಾಗ, ಅದೂ ಇಂಥದ್ದೇ ತಾರೀಕು ಎಂದು ಟೈಲರಮ್ಮ ಅಂದುಕೊಂಡಳು.

"ಅತ್ತೆ, ಇವತ್ತೇ ಮಂಗಳವಾರ. ನನಗೆ ರಜೆ ಸಿಗಲ್ಲ, ನೀವೇ ಕರ್ಕೊಂಡು ಹೋಗಿ," ಎಂದು ಸೊಸೆ ಹೇಳಿಯೇ ಕೆಲಸಕ್ಕೆ ಹೋಗಿದ್ದಳು. ಹಿಂದಿನ ಬೀದಿಯಲ್ಲಿ ಎರಡು ಮಕ್ಕಳಿಗೆ ದಡಾರ ಎದ್ದಿತ್ತು. ಆದರೂ ಟೈಲರಮ್ಮ ಎರಡು ರವಿಕೆ ಮುಗಿಸಿ, ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು ಲಸಿಕೆ ಕೋಣೆ ತಲುಪಿದಾಗ ಮೂರು ಗಂಟೆ.

"ನಿಮ್ಮ ಮಗು ಡೋಸು ಇನ್ನೊಂದು ಮಗುಗೆ ಹಾಕಿದ್ವಿ. ನಿಮಗೆ ಎರಡು ಸಲ ಫೋನ್ ಮಾಡ್ದೆ," ಎಂದರು ಸಿಸ್ಟರ್.

ಫೋನು ಬಟ್ಟೆ ರಾಶಿಯ ಅಡಿ ಬಿದ್ದಿತ್ತು.

"ಫ್ರಿಜ್ ತುಂಬಾ ಇರತ್ತಲ್ಲ ಸಿಸ್ಟರ್?"

ಸಿಸ್ಟರ್ ಫ್ರಿಜ್ ತೆಗೆದು ತೋರಿಸಿದರು. ದಡಾರದ್ದು ಒಂದೇ ಒಂದು ಶೀಶೆ.

"ಇದು ಐದು ಮಕ್ಕಳಿಗೆ. ಒಂದು ಸಲ ತೆರೆದ್ರೆ ಕೆಲವೇ ಗಂಟೆ, ಆಮೇಲೆ ಉಳಿದಿದ್ದು ಕಸಕ್ಕೆ. ಅದಕ್ಕೇ ಐದು ಜನಾನ ಒಟ್ಟಿಗೆ ಕರೀತೀನಿ."

"ಮುಂದಿನ ಶೀಶೆ ಯಾವಾಗ ಬರತ್ತೆ?"

"ಗುರುವಾರ ಅಂದಿದಾರೆ. ಬಂದ್ರೆ ಬಂತು, ಇಲ್ಲದಿದ್ರೆ ಇಲ್ಲ. ಹಾಗಾಗಿ ಕೈಲಿರೋ ಡೋಸಿಗೆ ಮಾತ್ರ ತಾರೀಕು ಬರೀತೀನಿ. ಉಳಿದವರು ಕಾಯೋ ಪಟ್ಟೀಲಿ."

"ಬಟ್ಟೆ ಕೈಗೆ ಬರದೆ ಅಳತೆ ತಗೊಳಲ್ಲ ಅಂತೀರಾ," ಎಂದಳು ಟೈಲರಮ್ಮ. ಅವಳಿಗೆ ಕುತೂಹಲ ಹುಟ್ಟಿತ್ತು. "ಹಾಗಾದ್ರೆ ಈ ಶೀಶೆ ಯಾರದು?"

"ನಾಳೆ ಬರೋ ಐದು ಮಕ್ಕಳದು. ಅವರಿಗೆ ಮಾತು ಕೊಟ್ಟಿದೀನಿ."

"ನನಗೂ ಕೊಟ್ಟಿದ್ರಿ."

"ಕೊಟ್ಟಿದ್ದೆ. ನೀವು ಬರ್ಲಿಲ್ಲ."

ಟೈಲರಮ್ಮ ಮಗುವನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿ ಕೇಳಿದಳು: "ಈಗ ಮೊದಲಿಂದ ಶುರು ಮಾಡ್ಬೇಕಾ?"

"ಬೇಡ. ತಡವಾದ್ರೂ ಎರಡನೇದನ್ನೇ ಹಾಕ್ತೀವಿ. ಅಲ್ಲೀವರೆಗೂ ಮಗುಗೆ ಪೂರ್ತಿ ರಕ್ಷಣೆ ಇಲ್ಲ, ಅಷ್ಟೇ. ನಿಮ್ಮ ಮನೆ ಹತ್ರಾನೇ ದಡಾರ ಎದ್ದಿದೆ, ಪಟ್ಟೀಲಿ ನಿಮ್ಮನ್ನೇ ಮೊದಲು ಬರೀತೀನಿ. ಫೋನ್ ಮಾತ್ರ ಎತ್ತಿ."

ಮರುದಿನ ಫೋನು ಹೊಲಿಗೆ ಮಿಷಿನ್ನಿನ ಮೇಲೇ ಕೂತಿತ್ತು. ಎಂಟೂವರೆಗೆ ಬಡಿದುಕೊಂಡಿತು.

"ಇವತ್ತಿನ ಐದರಲ್ಲಿ ಒಂದು ಮಗುವಿನ ತಾಯಿ ತುರ್ತಾಗಿ ಊರಿಗೆ ಹೋಗ್ಬೇಕಂತೆ, ಫೋನ್ ಮಾಡಿ ಮೊದಲೇ ಹೇಳಿದ್ರು. ಹತ್ತಕ್ಕೆ ಬರ್ತೀರಾ?"

ಟೈಲರಮ್ಮ ಒಂಬತ್ತೂವರೆಗೇ ಬಾಗಿಲಲ್ಲಿದ್ದಳು. ಸೂಜಿ ಚುಚ್ಚಿದಾಗ ಮಗು ಕೋಣೆ ಕಿತ್ತುಹೋಗುವಂತೆ ಅತ್ತಿತು. ಅಜ್ಜಿಯ ಕಣ್ಣಲ್ಲೂ ನೀರು ಬಂತು.

"ಆ ತಾಯಿ ಯಾರು ಸಿಸ್ಟರ್?"

"ಅದನ್ನ ಹೇಳೋ ಹಾಗಿಲ್ಲ."

ಸಂಜೆ ಸೊಸೆಯ ಮುಂದೆ ಟೈಲರಮ್ಮ ತಪ್ಪೊಪ್ಪಿಕೊಂಡಳು: "ಮುಖಾನೂ ನೋಡದ ಯಾರೋ ಒಂದು ಫೋನ್ ಮಾಡಿದ್ದಕ್ಕೆ ನಮ್ಮ ಕೂಸಿಗೆ ಸಿಕ್ತು ಕಣೇ. ನಾನು ನಿನ್ನೆ ಅಷ್ಟೂ ಮಾಡ್ಲಿಲ್ಲ."

ಅಕ್ಕ, ಅಣ್ಣ, ನಿಮ್ಮ ಮನೆಯ ಚೀಟಿಯನ್ನು ಈಗಲೇ ತೆಗೆದು ನೋಡಿ. ಆ ದಿನ, ಆ ಹೊತ್ತಿಗೆ ಹೋಗಿ. ತಾರೀಕು ಸಿಗದಿದ್ದರೆ ಪಟ್ಟಿಯಲ್ಲಿ ಹೆಸರು, ಸರಿಯಾದ ನಂಬರು ಬರೆಸಿ. ಹೋಗಲಾಗದಿದ್ದರೆ ಮೊದಲೇ ಹೇಳಿಬಿಡಿ. ನಿಮ್ಮ ಆ ಒಂದು ಮಾತಿಗೆ ಯಾವುದೋ ಮನೆಯ ಮಗು ಕಾಯುತ್ತಿರುತ್ತದೆ.