ಎಡಪಕ್ಕೆಯ ಯಜಮಾನ

ಅಪ್ಪನ ಸ್ಟುಡಿಯೋ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಟೈಲರ್ ಅಂಗಡಿಗೂ ಬೀಗ ರಿಪೇರಿಯವನ ಗೂಡಿಗೂ ನಡುವೆ ಇತ್ತು. ಗುರುತಿನ ಚೀಟಿಗೆ, ಶಾಲೆಯ ಅರ್ಜಿಗೆ, ಮದುವೆಯ ಮಾತುಕತೆಗೆ ಎಂದು ಊರಿನ ಅರ್ಧ ಜನ ಅವನ ನೀಲಿ ಪರದೆಯ ಮುಂದೆ ಕೂತು ಎದ್ದಿದ್ದರು. ಆದರೆ ಅವನ ಜೀವವೆಲ್ಲ ರಜೆಯ ದಿನದ ಮೇಲೆ. ಆ ದಿನ ಅಂಗಡಿಯ ಬಾಗಿಲು ಎಳೆದು, ಮೊಳದುದ್ದದ ಲೆನ್ಸನ್ನು ಹಳೇ ಟವೆಲಿನಲ್ಲಿ ಕೂಸಿನಂತೆ ಸುತ್ತಿಕೊಂಡು ಕಾಡಿಗೆ ಹೊರಟುಬಿಡುತ್ತಿದ್ದ. ಕಾಡಿನಲ್ಲಿ ಜಿಂಕೆ ಇರಲಿ, ಕರಡಿ ಇರಲಿ, ಅವನಿಗೆ ಬೇಕಾದದ್ದು ಒಂದೇ. ಹಳ್ಳದ ದಾರಿಯಲ್ಲಿ ಓಡಾಡುವ ಆ ದೊಡ್ಡ ಗಂಡು ಹುಲಿ. ಅದಕ್ಕೆ ಅವನೇ ಇಟ್ಟ ಹೆಸರು ಯಜಮಾನ.

“ಸಿಕ್ಕಳಾ ನನ್ನ ಸವತಿ?” ಎಂದು ಅವನು ಮರಳಿದಾಗ ಅಮ್ಮ ಕೇಳುತ್ತಿದ್ದಳು.

“ಅದು ಗಂಡು ಕಣೇ.”

“ಗಂಡಾದ್ರೆ ನನಗೇನು ಸಮಾಧಾನ? ಮನೇಲಿ ತಲೆ ಎತ್ತಿ ಮುಖ ನೋಡಲ್ಲ, ಅಲ್ಲಿ ಹೋಗಿ ಅದರ ಮೀಸೆ ಎಣಿಸ್ತೀರ.”

ಮಗಳು ಅರಣ್ಯ ಕಚೇರಿಯಲ್ಲಿ ಕೆಲಸಕ್ಕಿದ್ದಳು. ಕಾಡಿನ ದಾರಿಗಳಲ್ಲಿ ಮರಕ್ಕೆ ಕಟ್ಟಿದ ಕ್ಯಾಮೆರಾಗಳು ಎದುರಿಗೆ ಹಾದದ್ದನ್ನೆಲ್ಲ ತಾವೇ ಹಿಡಿದಿಡುತ್ತವೆ. ಆ ಚಿತ್ರಗಳಲ್ಲಿ ಹುಲಿಗಳನ್ನು ಆರಿಸಿ, ಪಟ್ಟೆಗೆ ಪಟ್ಟೆ ಹೊಂದಿಸಿ, ಇದು ಇಂಥ ಹುಲಿ ಎಂದು ಹೇಳುವುದು ಅವಳ ಕೆಲಸ. ಗಾರ್ಡುಗಳು ಅವಳನ್ನು ‘ಪಟ್ಟೆ ಮೇಡಂ’ ಎಂದೇ ಕರೆಯುತ್ತಿದ್ದರು. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕೆ ಇರುವುದಿಲ್ಲ. ಅಷ್ಟೇ ಅಲ್ಲ, ಒಂದೇ ಹುಲಿಯ ಎಡಪಕ್ಕೆಗೂ ಬಲಪಕ್ಕೆಗೂ ಸಂಬಂಧವಿರುವುದಿಲ್ಲ. ಅದಕ್ಕೇ ದಾರಿಯ ಎರಡೂ ಬದಿಗೆ, ಎದುರುಬದುರಾಗಿ ಒಂದೊಂದು ಕ್ಯಾಮೆರಾ ಕಟ್ಟಬೇಕು. ಕಟ್ಟಬೇಕು ನಿಜ, ಆದರೆ ಆನೆಗಳು ಈ ನಿಯಮ ಓದಿರಲಿಲ್ಲ. ಒಂದನ್ನು ಕಿತ್ತು ತುಳಿದು ಹೋದರೆ, ಹೊಸದು ಬರುವ ತನಕ ಉಳಿದದ್ದರಲ್ಲೇ ಕಾಲ ಹಾಕಬೇಕಿತ್ತು. ಹೊಸದು ಅಷ್ಟು ಸುಲಭಕ್ಕೆ ಬರುತ್ತಿರಲಿಲ್ಲ.

ಆ ವರ್ಷ ಹೊಲಗಳ ಅಂಚಿನಲ್ಲಿ ದನ ಕಾಯುವ ಮುದುಕನೊಬ್ಬ ಹುಲಿಯ ಬಾಯಿಗೆ ಬಿದ್ದ. ಅವನ ಮನೆಯವರ ಅಳು ಮುಗಿಯುವ ಮೊದಲೇ ಸೌದೆಗೆ ಹೋದವನೊಬ್ಬ ಸತ್ತ. ಎರಡು ಸಲವೂ ಹತ್ತಿರದ ಕ್ಯಾಮೆರಾದಲ್ಲಿ ಸಿಕ್ಕಿದ್ದು ಒಂದೇ ಗಂಡು. ಒಳಕ್ಕೆ ಹೋದ ಹೊಟ್ಟೆ, ಬಗ್ಗಿದ ತಲೆ. ಅಲ್ಲಿ ಉಳಿದಿದ್ದದ್ದು ಒಂದೇ ಕ್ಯಾಮೆರಾ, ಹಾಗಾಗಿ ಬಲಪಕ್ಕೆ ಮಾತ್ರ ಬಂದಿತ್ತು. ಮಗಳು ಕಚೇರಿಯಲ್ಲಿದ್ದ ಬಲಪಕ್ಕೆಗಳನ್ನೆಲ್ಲ ಒಂದೊಂದಾಗಿ ಹೊಂದಿಸಿ ನೋಡಿದಳು. ಯಾವುದೂ ಹೊಂದಲಿಲ್ಲ. ಹೊರಗಿನ ಕಾಡಿನಿಂದ ಬಂದದ್ದಿರಬೇಕು ಎಂದು ಅದಕ್ಕೆ ‘ಹೊಸಬ’ ಎಂದು ಹೆಸರಾಯಿತು. ಹೊಸಬನನ್ನು ಹಿಡಿದು ಬೋನಿಗೆ ಹಾಕಿ, ಮತ್ತೆ ಯಾವ ಕಾಡಿಗೂ ಬಿಡಬೇಡಿ ಎಂದು ಮೇಲಿನಿಂದ ಆದೇಶ ಬಂತು.

ಯಜಮಾನನ ಬಲಪಕ್ಕೆ ಕಚೇರಿಯಲ್ಲಿ ಇರಲೇ ಇಲ್ಲ. ಹಳ್ಳದ ಬಳಿ ಆನೆಗಳು ಉಳಿಸಿದ ಕ್ಯಾಮೆರಾ ಎಡಬದಿಯದು. ಅಪ್ಪನ ಚಿತ್ರಗಳೂ ಎಡಪಕ್ಕೆಯವೇ. ಜೀಪಿನ ದಾರಿ ಇರುವುದು ಹಳ್ಳದ ಒಂದೇ ದಂಡೆಯಲ್ಲಿ, ಸಂಜೆ ಯಜಮಾನ ನೀರಿಗೆ ಇಳಿಯುವುದೂ ಒಂದೇ ದಿಕ್ಕಿಗೆ. ವಾಪಸು ಹೋಗುವುದು ಬಂಡೆಗಳ ಹಿಂದಿನಿಂದ. ಇದೊಂದು ಕೊರತೆ ಎಂದು ಯಾರಿಗೂ ಅನಿಸಿರಲಿಲ್ಲ. ಯಜಮಾನ ಎಲ್ಲರಿಗೂ ಗೊತ್ತಿದ್ದವನು. ಗೊತ್ತಿದ್ದವನ ಗುರುತನ್ನು ಯಾರು ಕೇಳುತ್ತಾರೆ?

ಹಿಡಿಯುವ ತಂಡದ ಜೊತೆ ತಾನೂ ಬರುತ್ತೇನೆ ಎಂದು ಅಪ್ಪ ರೇಂಜರ್ ಮುಂದೆ ಹಟ ಹಿಡಿದು ನಿಂತ.

“ನೀವ್ಯಾಕೆ ಸ್ಟುಡಿಯೋದವರೇ? ಇದೇನು ಮದುವೆ ಫೋಟೋನಾ?”

“ಗಡಿಬಿಡೀಲಿ ನೀವು ನನ್ನವನಿಗೇ ಹೊಡೆದುಬಿಟ್ರೆ? ಜೀವಮಾನವಿಡೀ ಬೋನು ಸಾರ್. ಆ ಪ್ರಾಣಿ ಏನು ತಪ್ಪು ಮಾಡಿದೆ? ನಾನು ಬಾಯಿ ಮುಚ್ಕೊಂಡು ಕೂತಿರ್ತೀನಿ. ಇವನಲ್ಲ ಅಂತ ಹೇಳೋಕೆ ಮಾತ್ರ ಬಾಯಿ ತೆಗೀತೀನಿ.”

ಹಾಗೆ ಅವನು ಬಾಯಿ ತೆಗೆದದ್ದು ಒಂದೇ ಸಲ. ಸಂಜೆ ಹಳ್ಳದ ತಿರುವಿನಲ್ಲಿ ದೊಡ್ಡ ಗಂಡೊಂದು ಪೊದೆಯಿಂದ ಹೊರಬಂದು, ಎಡಪಕ್ಕೆ ತೋರಿಸುತ್ತ ನಿಂತುಕೊಂಡಿತು. ಜೀಪಿನಲ್ಲಿದ್ದ ವೈದ್ಯರು ಅರಿವಳಿಕೆ ಬಂದೂಕು ಎತ್ತಿದರು. ಅಪ್ಪ ಲೆನ್ಸಿನಲ್ಲಿ ಕಣ್ಣಿಟ್ಟವನು ಉಸಿರು ಬಿಟ್ಟ.

“ಬೇಡ ಸಾರ್, ಬೇಡ. ಇವನಲ್ಲ. ಇವನು ನಮ್ಮ ಯಜಮಾನ.”

“ಖಾತ್ರಿನಾ?” ರೇಂಜರ್ ತಿರುಗಿ ಹಿಂದಿನ ಸೀಟಿನಲ್ಲಿದ್ದ ಮಗಳನ್ನು ನೋಡಿದರು. ಅವಳು ಮಡಿಲಲ್ಲಿದ್ದ ಲ್ಯಾಪ್‌ಟಾಪಿನಲ್ಲಿ ಭುಜದ ಕವಲು ಪಟ್ಟೆ, ಅದರ ಕೆಳಗಿನ ಒಡೆದ ಉಂಗುರ, ಎಲ್ಲವನ್ನೂ ಹೊಂದಿಸಿದಳು. ಒಂದಿಷ್ಟೂ ಅನುಮಾನವಿರಲಿಲ್ಲ.

“ಹೌದು ಸಾರ್. ಯಜಮಾನನೇ.”

ವೈದ್ಯರು ಬಂದೂಕು ಇಳಿಸಿದರು. ಹುಲಿ ಅವಸರವಿಲ್ಲದೆ ಹಳ್ಳ ದಾಟಿ, ಹೊಲಗಳಿದ್ದ ಕಡೆ ನಡೆದುಹೋಯಿತು. ಮರಳುವ ದಾರಿಯುದ್ದಕ್ಕೂ ಅಪ್ಪ ಹುಡುಗನ ಹಾಗೆ ಮಾತಾಡುತ್ತಲೇ ಇದ್ದ.

ಎರಡು ದಿನ ಕಳೆದ ಮೇಲೆ, ಹೊಲದಂಚಿನಲ್ಲಿ ಹುಲ್ಲು ಕೊಯ್ಯುತ್ತಿದ್ದ ಹೆಂಗಸೊಬ್ಬಳು ಮನೆಗೆ ಬರಲಿಲ್ಲ. ಹತ್ತಿರದ ಕ್ಯಾಮೆರಾದಲ್ಲಿ ಅದೇ ಬಲಪಕ್ಕೆ ಇತ್ತು.

ಅವಳ ಗಂಡ ಇಟ್ಟಿಗೆ ಲಾರಿಯ ಚಾಲಕ. ಮಣ್ಣು ಮಾಡಿದ ಮಾರನೇ ದಿನ ಸ್ಟುಡಿಯೋಗೆ ಬಂದು, ಹೆಂಡತಿಯ ದೊಡ್ಡ ಫೋಟೋ ಬೇಕು ಎಂದು ನಿಂತ. ಗುರುತಿನ ಚೀಟಿಗೆ ಅವಳ ಫೋಟೋ ತೆಗೆದದ್ದು ಅಪ್ಪನೇ. ಕಂಪ್ಯೂಟರಿನಲ್ಲಿ ಹುಡುಕಿದರೆ ಸಿಕ್ಕಿತು. ನಗಬೇಡಿ ಎಂದರೂ ತುಟಿ ಕಚ್ಚಿ ನಗು ತಡೆದಿದ್ದ ಮುಖ.

“ಹುಬ್ಬಿನ ಮೇಲಿನ ಕಲೆ ಅಳಿಸಬೇಡಿ,” ಎಂದ ಚಾಲಕ. “ಹೊಸದಾಗಿ ಮದುವೆಯಾದಾಗ ನಾನು ಬಾಗಿಲು ತಳ್ಳಿದ ರಭಸಕ್ಕೆ ಆಗಿದ್ದು. ಅದಿಲ್ದಿದ್ರೆ ಅವಳ ಥರ ಕಾಣಲ್ಲ.”

“ಇಲ್ಲಪ್ಪ, ಮುಟ್ಟಲ್ಲ.” ಅಪ್ಪ ಅವನ ಹೆಗಲ ಮೇಲೆ ಕೈಯಿಟ್ಟ. “ಆ ಹೊಸಬನನ್ನ ಬಿಡೋ ಮಾತೇ ಇಲ್ಲ. ನಾನೂ ತಂಡದಲ್ಲಿದ್ದೀನಿ, ನೋಡ್ತಿರು.”

ಮೂರನೆಯ ಸಾವಿನ ಮೇಲೆ ಹೊಸ ಕ್ಯಾಮೆರಾಗಳು ಬಂದವು. ಹೊಲಕ್ಕೆ ಇಳಿಯುವ ದಾರಿಯಲ್ಲಿ ಗಾರ್ಡುಗಳು ಎರಡೂ ಬದಿಗೆ ಕಟ್ಟಿ ಬಂದರು. ಆ ವಾರವೇ ಮಗಳ ಮೇಜಿಗೆ ಎರಡು ಚಿತ್ರಗಳು ಬಂದವು. ಒಂದೇ ದಾರಿ, ಒಂದೇ ಕ್ಷಣ, ಅದೇ ಎತ್ತಿದ ಮುಂಗಾಲು. ಬಲಗಡೆಯ ಚಿತ್ರದಲ್ಲಿ ಹೊಸಬ. ಎಡಗಡೆಯ ಚಿತ್ರವನ್ನು ತೆರೆದವಳು ಕೈಯನ್ನು ಮೌಸಿನ ಮೇಲಿಂದ ತೆಗೆದಳು. ಭುಜದಲ್ಲಿ ಕವಲು. ಕೆಳಗೆ ಒಡೆದ ಉಂಗುರ.

“ಏನ್ ಮೇಡಂ, ಹುಲಿ ಕಣ್ಣು ಹೊಡೀತಾ?” ಟೀ ತಂದ ಗಾರ್ಡ್ ನಗುತ್ತ ಲೋಟ ಇಟ್ಟ. ಅವಳ ಮುಖ ನೋಡಿದವನು ಹಾಗೇ ಹೊರಗೆ ಹೋದ.

ಅವಳು ಎದ್ದು ರೇಂಜರ್ ಕೋಣೆಗೆ ಹೋದಳು. “ಸಾರ್, ಹೊಸಬ ಅಂತ ಯಾರೂ ಇಲ್ಲ. ಎರಡು ಹುಲಿ ಅಲ್ಲ. ಒಂದೇ.”

ರೇಂಜರ್ ಚಿತ್ರಗಳನ್ನು ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. “ಹಾಗಾದ್ರೆ ಆವತ್ತು ಹಳ್ಳದ ಹತ್ತಿರ ನಾವು ಬಿಟ್ಟಿದ್ದು...”

“ಅದನ್ನೇ.”

ರೇಂಜರ್ ಮೇಜಿನ ಮೇಲಿದ್ದ ಆದೇಶದ ಪ್ರತಿಯನ್ನು ಹತ್ತಿರ ಎಳೆದುಕೊಂಡರು.

“ಆದೇಶ ಅದೇ ಪ್ರಾಣಿ ಮೇಲಿದೆ. ನಾಳೆ ಬೆಳಗ್ಗೆ ಹೊರಡ್ತೀವಿ,” ಎಂದರು ರೇಂಜರ್. “ನಿಮ್ಮಪ್ಪನಿಗೆ ಯಾರಮ್ಮ ಹೇಳೋದು?”

“ನಾನೇ ಹೇಳ್ತೀನಿ.”

ಮಧ್ಯಾಹ್ನ ಸ್ಟುಡಿಯೋದಲ್ಲಿ ಗಿರಾಕಿಗಳಿರಲಿಲ್ಲ. ಅಮ್ಮ ಬುತ್ತಿ ತಂದಿದ್ದಳು. ಮಗಳು ಎಡಪಕ್ಕೆಯ ಚಿತ್ರವನ್ನು ಮೊದಲು ಕೊಟ್ಟಳು. ಅಪ್ಪನ ಮುಖ ಅರಳಿತು.

“ಎಲ್ಲಿ ಸಿಕ್ಕಿದ? ಅಯ್ಯೋ, ಎಷ್ಟು ಸೊರಗಿದ್ದಾನೆ ನೋಡೇ. ಕೋರೆಹಲ್ಲು ಮುರ್ಕೊಂಡಿರಬೇಕು. ಬೇಟೆ ಆಗ್ತಿಲ್ಲ ಇವನಿಗೆ.”

“ಅಪ್ಪ, ಇದನ್ನೂ ನೋಡು. ಎದುರಿನ ಕ್ಯಾಮೆರಾದ್ದು.”

ಅಪ್ಪ ಇನ್ನೊಂದನ್ನು ಕೈಗೆ ತಗೊಂಡ. ಕೆಳಗೆ ಮೂಡಿದ್ದ ಸಮಯ ಓದಿದ. ಮೊದಲನೆಯದರ ಸಮಯ ಓದಿದ.

“ಗಡಿಯಾರ ತಪ್ಪಿರುತ್ತೆ.”

“ಇಲ್ಲ ಅಪ್ಪ. ಕಾಲು ನೋಡು. ಆ ಕಲ್ಲು ನೋಡು.”

“ಹೊಸ ಕ್ಯಾಮೆರಾ ಕಣಮ್ಮ, ಮೊದಮೊದಲು ಹಾಗೆ...” ಅವನು ಎರಡೂ ಚಿತ್ರಗಳನ್ನು ಗಾಜಿನ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು, ಅಂಚಿಗೆ ಅಂಚು ಸೇರಿಸಿದ. ಮೇಜಿನ ಆ ಕೊನೆಯಲ್ಲಿ ಚಾಲಕನ ಹೆಂಡತಿಯ ದೊಡ್ಡ ಫೋಟೋ ಚೌಕಟ್ಟಿಗಾಗಿ ಕಾಯುತ್ತಿತ್ತು.

“ನಾನು ಇವನಲ್ಲ ಅಂದೆ,” ಎಂದ.

“ನಾನೂ ಹೌದು ಅಂದೆನಲ್ಲ ಅಪ್ಪ. ನೀನು ಹೇಳಿದ್ದು ಸುಳ್ಳಲ್ಲ. ಅದು ಯಜಮಾನನೇ ಆಗಿತ್ತು.”

“ಸುಳ್ಳಲ್ಲ ಅಂತ ಆ ಡ್ರೈವರ್‌ಗೆ ಹೇಳಲಾ?”

ಅಮ್ಮ ಬುತ್ತಿಯ ಮುಚ್ಚಳ ತೆಗೆದವಳು ಮತ್ತೆ ಮುಚ್ಚಿದಳು. ಅವನ ಕುರ್ಚಿಯ ಹಿಂದೆ ಬಂದು ನಿಂತು, ಅಂಗಿಯ ಕಾಲರು ಸರಿಯಿದ್ದರೂ ಸರಿಮಾಡಿದಳು. ಆ ದಿನ ಅವಳು ಸವತಿಯ ಮಾತು ಎತ್ತಲಿಲ್ಲ.

“ನಾಳೆ ನೀನು ಬರದಿದ್ರೂ ನಡೆಯುತ್ತೆ. ರೇಂಜರೇ ಹೇಳಿದ್ರು,” ಎಂದಳು ಮಗಳು.

“ಬಿಡಿ ಅಂತ ಹೇಳೋಕೆ ಹೋಗಿದ್ದೆ. ಹಿಡೀರಿ ಅಂತ ಹೇಳೋಕೆ ಬೇರೆಯವರನ್ನ ಕಳಿಸಲಾ?”

ಬೆಳಗ್ಗೆ ಹುಲಿ ಸಿಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಹೊಲದ ಬೇಲಿಯಾಚೆ ಕುರುಚಲು ಗಿಡಗಳ ನಡುವೆ ಮಲಗಿದ್ದದ್ದು ಜೀಪಿನ ಸದ್ದಿಗೆ ಎದ್ದು ನಿಂತಿತು. ಓಡಲಿಲ್ಲ. ಆ ಜೀಪು, ಅದರಲ್ಲಿ ಕೂತ ಮನುಷ್ಯ, ಇವೆಲ್ಲ ಅದಕ್ಕೆ ಎಷ್ಟೋ ವರ್ಷಗಳಿಂದ ಅಭ್ಯಾಸವಾಗಿದ್ದವು. ಯಾವಾಗಲೂ ನಿಲ್ಲುವಂತೆ ಎಡಪಕ್ಕೆ ಕೊಟ್ಟು ನಿಂತಿತು. ಅಪ್ಪ ಲೆನ್ಸನ್ನು ಟವೆಲಿನಿಂದ ಬಿಚ್ಚಿರಲಿಲ್ಲ.

ವೈದ್ಯರು ಬಂದೂಕು ಎತ್ತಿ ಕಾದರು. ಯಾರೂ ಅಪ್ಪನನ್ನು ಕೇಳಲಿಲ್ಲ.

“ಇವನೇ,” ಎಂದ ಅಪ್ಪ. ವೈದ್ಯರ ಕಡೆ ತಿರುಗಿ ಮತ್ತೆ ಹೇಳಿದ. “ಹೊಡೀರಿ ಸಾರ್. ಇವನೇ.”

ಅದು ಹತ್ತು ಹೆಜ್ಜೆ ನಡೆದು, ಹಿಂಗಾಲು ಸೋತು ಕೂತು, ಕೊನೆಗೆ ಮಲಗಿತು. ಕಣ್ಣಿಗೆ ಬಟ್ಟೆ ಕಟ್ಟಿ, ಮೈಮೇಲೆ ನೀರು ಹಾಕಿದರು. ವೈದ್ಯರು ಬಾಯಿ ಬಿಡಿಸಿ ನೋಡಿದರು. ಮೇಲಿನ ಕೋರೆಹಲ್ಲು ಬುಡದಲ್ಲೇ ಮುರಿದು ಕೀವಾಗಿತ್ತು. ಕಚೇರಿಗೆ ಎರಡೂ ಪಕ್ಕೆಯ ಚಿತ್ರ ಬೇಕಿತ್ತು. ರೇಂಜರ್ ತಮ್ಮ ಫೋನು ತೆಗೆದರು.

“ಇರಿ, ನಾನು ತೆಗೀತೀನಿ,” ಎಂದು ಅಪ್ಪ ಮುಂದೆ ಬಂದ. ಎಡಪಕ್ಕೆ ಮುಗಿದ ಮೇಲೆ ಗಾರ್ಡುಗಳು ಏದುಸಿರು ಬಿಡುತ್ತ ಅದನ್ನು ಮಗುಚಿ ಮಲಗಿಸಿದರು. ಅಪ್ಪ ಕ್ಯಾಮೆರಾ ಎತ್ತಿದವನು ಕೆಳಗಿಳಿಸಿ, ಬಗ್ಗಿ, ಆ ಪಟ್ಟೆಗಳನ್ನು ನೋಡುತ್ತ ಕೂತ.

“ಇಷ್ಟು ವರ್ಷ ನೋಡಿದ್ದೀನಿ,” ಎಂದ ಮಗಳಿಗೆ. “ಈ ಕಡೆಯಿಂದ ಬೇರೆ ಯಾರೋ.”

ಆಮೇಲೆ ಚಿತ್ರ ತೆಗೆದ.

ಬೋನನ್ನು ಲಾರಿಗೆ ಏರಿಸುವ ಹೊತ್ತಿಗೆ ರಸ್ತೆಯಲ್ಲಿ ಜನ ಸೇರಿತ್ತು. ಕೆಲವರು ಕಲ್ಲೆತ್ತಿದರು, ಗಾರ್ಡುಗಳು ಗದರಿದರು. ಚಾಲಕ ಎಲ್ಲರಿಗಿಂತ ಹಿಂದೆ, ಒಂದು ಕೈಯಲ್ಲಿ ಶಾಲೆಗೆ ಹೋಗುವ ತನ್ನ ಪುಟ್ಟ ಹುಡುಗಿಯನ್ನು ಹಿಡಿದುಕೊಂಡು ನಿಂತಿದ್ದ. ಅಪ್ಪ ನೇರವಾಗಿ ಅವನ ಹತ್ತಿರ ಹೋದ. ಮಗಳು ಹಿಂದಿನಿಂದ ‘ಅಪ್ಪ’ ಎಂದು ಕರೆದದ್ದು ಅವನಿಗೆ ಕೇಳಿಸಲಿಲ್ಲ, ಅಥವಾ ಕೇಳಿಸಿದರೂ ನಿಲ್ಲಲಿಲ್ಲ.

“ಇದೇನಾ?” ಎಂದ ಚಾಲಕ.

“ಇದೇ. ನಿನ್ನ ಹೆಂಡತಿ ಹೋಗೋದಕ್ಕೆ ಮೊದಲು ಇದು ನಮ್ಮ ಕೈಗೆ ಸಿಕ್ಕಿತ್ತಪ್ಪ. ಬಿಟ್ಟುಬಿಡಿ ಅಂದವನು ನಾನು. ಬೇರೆ ಹುಲಿ ಅಂದ್ಕೊಂಡೆ. ನಮ್ಮ ಯಜಮಾನ ಅಂದ್ಕೊಂಡೆ.”

ಚಾಲಕ ಅವನನ್ನೇ ನೋಡಿದ. ಕೈ ಎತ್ತಿಯಾನು ಎಂದು ಮಗಳು ಹತ್ತಿರ ಬಂದಳು. ಅವನು ಕೈ ಎತ್ತಲಿಲ್ಲ. ಬೋನಿನ ಕಡೆ ಒಮ್ಮೆ ತಿರುಗಿ ನೋಡಿದ.

“ಯಜಮಾನ ಅಂದ್ರೆ... ನೀವು ಪ್ರತಿ ವರ್ಷ ಗಿರಾಕಿಗಳಿಗೆ ಕ್ಯಾಲೆಂಡರ್ ಕೊಡ್ತೀರಲ್ಲ, ಅದರಲ್ಲಿರೋದು?”

“ಹೌದು.”

“ನಮ್ಮನೇಲಿದೆ. ಫೋಟೋಗೆ ಬಂದಾಗ ಅವಳೇ ನಿಮ್ಮ ಹತ್ರ ಕೇಳಿ ಇಸ್ಕೊಂಡಿದ್ದು. ಅಡುಗೆಮನೆ ಬಾಗಿಲ ಪಕ್ಕ ಹಾಕಿದ್ದಾಳೆ.”

ಅಪ್ಪ ಒಂದು ಹೆಜ್ಜೆ ಹತ್ತಿರ ಬಂದ. “ನಾನೇ ಬಂದು ತೆಗೆದುಬಿಡ್ತೀನಿ. ಇವತ್ತೇ ಬರ್ತೀನಿ.”

ಚಾಲಕ ಮಗುವಿನ ತಲೆಯ ಮೇಲೆ ಕೈಯಿಟ್ಟ.

“ಬೇಡ. ಇವಳು ಅದರಲ್ಲಿ ಪರೀಕ್ಷೆ ದಿನಗಳಿಗೆ ಸುತ್ತು ಹಾಕಿದ್ದಾಳೆ. ಮುಗೀಲಿ.”